ಒಳಗಿನ ಖೀಮಾಕ್ಕೆ ಮಾಲೀಕನೇ ಜವಾಬ್ದಾರ



ಮಾಂಸಾಹಾರದ ಪಾರ್ಟಿ ಆರ್ಡರ್ ತೆಗೆದುಕೊಳ್ಳುವ ನಮ್ಮ ಸದಸ್ಯರೆಲ್ಲರಿಗೂ ಖೀಮಾ ಪ್ಯಾಟಿಸ್ ಗೊತ್ತಿದ್ದದ್ದೇ. ಹೊರಗೆ ಮೈದಾ ಹಿಟ್ಟಿನ ಹೊದಿಕೆ, ಒಳಗೆ ಮಸಾಲೆ ಹಾಕಿ ಬೇಯಿಸಿದ ಕೊಚ್ಚಿದ ಮಾಂಸ. ಇಂಗ್ಲಿಷರ ಮೀಟ್ ಪೈ, ಕಾಸರಗೋಡು ಕಡೆಯ ಮುಸ್ಲಿಂ ಬಾಂಧವರ ಇರಚ್ಚಿ ಪತ್ತಿರಿ, ಮೊಹಮ್ಮದ್ ಅಲಿ ರಸ್ತೆಯ ಖೀಮಾ ಸಮೋಸಾ ಇವೆಲ್ಲ ಹೆಸರಿನಲ್ಲಿ ಬೇರೆಯಾದರೂ ಕುಲ ಒಂದೇ. ಹಿಟ್ಟಿನೊಳಗೆ ಮಾಂಸವನ್ನು ಮುಚ್ಚಿ ಬೇಯಿಸುವುದು ಅಥವಾ ಕರಿಯುವುದು.

ಈ ತಿಂಡಿಗಳಲ್ಲಿ ಬೇರೆ ಯಾವ ಅಡುಗೆಯಲ್ಲೂ ಇಲ್ಲದ ಒಂದು ಸಂಗತಿ ಉಂಟು. ಕೋಳಿ ಸುಕ್ಕ ಬಡಿಸಿದರೆ ಗಿರಾಕಿಗೆ ಕೋಳಿ ಕಣ್ಣಿಗೆ ಕಾಣುತ್ತದೆ. ಮೀನು ಫ್ರೈ ಇಟ್ಟರೆ ಬಂಗುಡೆಯೋ ಅಂಜಲೋ ಎಂದು ಆತ ದೂರದಿಂದಲೇ ಹೇಳುತ್ತಾನೆ. ಪ್ಯಾಟಿಸ್ ಮಾತ್ರ ಹಾಗಲ್ಲ. ಕಚ್ಚುವ ತನಕ ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲ, ಕಚ್ಚಿದ ಮೇಲೂ ಎಷ್ಟೋ ಮಂದಿಗೆ ಗೊತ್ತಾಗುವುದಿಲ್ಲ. ಗಿರಾಕಿ ತಿನ್ನುವುದು ನಮ್ಮ ಮೇಲಿನ ವಿಶ್ವಾಸದಿಂದ ಮಾತ್ರ. ಆದ್ದರಿಂದ ಬೇರೆ ಏನನ್ನು ಹೊರಗಿನಿಂದ ತರಿಸಿದರೂ ಸರಿ, ಖೀಮಾ ಪ್ಯಾಟಿಸನ್ನು ಮಾತ್ರ ನಮ್ಮ ಅಡುಗೆಮನೆಯಲ್ಲೇ ಮಾಡಬೇಕು ಎಂಬುದು ನಮ್ಮ ಅಭಿಪ್ರಾಯ. ಅದನ್ನು ಯಾಕೆ ಹೇಳುತ್ತಿದ್ದೇವೆ, ಹೇಗೆ ಮಾಡುತ್ತೇವೆ ಎಂದು ತಿಳಿಸುವುದಕ್ಕಾಗಿ ಈ ಲೇಖನ.

22 ರೂಪಾಯಿಯ ಮಟನ್ ಪ್ಯಾಟಿಸ್

ಹೋದ ಡಿಸೆಂಬರದಲ್ಲಿ ನೆರೂಳ ಪಶ್ಚಿಮದ ಒಂದು ಹೌಸಿಂಗ್ ಸೊಸೈಟಿಯವರು ಹೊಸ ವರ್ಷದ ಪಾರ್ಟಿಗೆ 400 ಮಟನ್ ಪ್ಯಾಟಿಸ್ ಕೇಳಿಕೊಂಡು ಬಂದರು. ನಾವು ಒಂದಕ್ಕೆ 60 ರೂಪಾಯಿ ಹೇಳಿದೆವು. ಎರಡು ದಿನ ಬಿಟ್ಟು ಸೊಸೈಟಿಯ ಕಾರ್ಯದರ್ಶಿ ಫೋನು ಮಾಡಿ, "ಶೆಟ್ರೆ, ನಿಮ್ಮದು ಬಹಳ ಜಾಸ್ತಿ ಆಯ್ತು. ನಮಗೆ 35ರಲ್ಲಿ ಕೊಡುವವರು ಸಿಕ್ಕಿದ್ದಾರೆ" ಎಂದರು. ಆರ್ಡರ್ ಹೋಯಿತು. ಆರ್ಡರ್ ಹೋಗುವುದು ವ್ಯಾಪಾರದಲ್ಲಿ ಇದ್ದದ್ದೇ, ಅದಕ್ಕೆ ಬೇಸರವಿಲ್ಲ. ಆದರೆ 35ರಲ್ಲಿ ಹೇಗೆ ಕೊಡುತ್ತಾರೆ ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಕೆಲವು ದಿನಗಳಲ್ಲಿ ಅದಕ್ಕೆ ಉತ್ತರವೂ ಸಿಕ್ಕಿತು. ಫ್ರೀಜ್ ಮಾಡಿದ ತಿಂಡಿ ಸಪ್ಲೈ ಮಾಡುವ ಒಬ್ಬರು ನಮ್ಮ ಗಲ್ಲಾದ ಹತ್ತಿರ ಬಂದು ರೇಟು ಪಟ್ಟಿ ಕೊಟ್ಟು ಹೋದರು. ಅದರಲ್ಲಿ 'ಮಟನ್ ಖೀಮಾ ಪ್ಯಾಟಿಸ್, 22 ರೂ.' ಎಂದಿತ್ತು.

ನಾವು ಕಲಿತದ್ದು ಹತ್ತನೆಯ ತರಗತಿ, ಅದೂ ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ. ಆದರೂ ಈ ಲೆಕ್ಕಕ್ಕೆ ಅಷ್ಟು ವಿದ್ಯೆ ಧಾರಾಳ ಸಾಕು. ಎಲುಬಿಲ್ಲದ ಮಟನ್ ಖೀಮಾ ಕಿಲೋಗೆ 800 ರೂಪಾಯಿ ಎಂದಿಟ್ಟುಕೊಳ್ಳೋಣ. 1 ಕಿಲೋ ಹಸಿ ಖೀಮಾವನ್ನು ನೀರು ಇಂಗುವ ತನಕ ಹುರಿದರೆ ಉಳಿಯುವುದು ಸುಮಾರು 700 ಗ್ರಾಂ. ಅದಕ್ಕೆ ಬಾಡಿಸಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಸೇರಿದಾಗ ಹೂರಣ ಒಟ್ಟು 1 ಕಿಲೋ ಆಗುತ್ತದೆ. ಪ್ಯಾಟಿಸ್ ಒಂದಕ್ಕೆ 40 ಗ್ರಾಂ ತುಂಬಿಸಿದರೆ 25 ಪ್ಯಾಟಿಸ್. ಅಂದರೆ ಒಂದರಲ್ಲಿ ಬರೀ ಮಾಂಸದ ಖರ್ಚೇ 32 ರೂಪಾಯಿ. ಈರುಳ್ಳಿ ಮಸಾಲೆಗೆ 3, ಮೈದಾ ತುಪ್ಪ ಎಣ್ಣೆಗೆ 6, ಗ್ಯಾಸು ಕೂಲಿಗೆ 6 ಹಿಡಿದರೆ 47ಕ್ಕೆ ಬಂತು. ಬಾಡಿಗೆ, ಲೈಟ್ ಬಿಲ್, ಟೆಂಪೋ ಇನ್ನೂ ಬಾಕಿ. 32 ರೂಪಾಯಿಯ ಮಾಂಸ ಇರಬೇಕಾದ ವಸ್ತುವನ್ನು 22ಕ್ಕೆ ಕೊಡುವವನು ಧರ್ಮಕ್ಕೆ ಕೊಡುತ್ತಿರಬೇಕು, ಇಲ್ಲವಾದರೆ ಅದರಲ್ಲಿ ಮಾಂಸ ಕಡಿಮೆ ಇರಬೇಕು. ಈ ಮುಂಬಯಿಯಲ್ಲಿ ಧರ್ಮಕ್ಕೆ ಪ್ಯಾಟಿಸ್ ಕೊಡುವವರನ್ನು ನಾವು ಈ ತನಕ ಕಂಡಿಲ್ಲ.

ಸ್ಯಾಂಪಲ್ ತರಿಸಿ ಒಡೆದು ನೋಡಿದೆವು. ಹೂರಣವನ್ನು ಬಿಸಿನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು ಬೆರಳಿನಲ್ಲಿ ಹಿಂಡಿದರೆ ಸ್ಪಂಜಿನ ಹಾಗೆ ನೀರು ಬಿಡುವ ಕಾಳುಗಳೇ ಹೆಚ್ಚು. ಅದು ಸೋಯಾ. ಮಟನ್ ಖೀಮಾ ಹಾಗಿರುವುದಿಲ್ಲ. ಅದರ ಕಾಳು ಒಂದು ದೊಡ್ಡದು ಒಂದು ಸಣ್ಣದು, ನೀರಿನ ಮೇಲೆ ಕೊಬ್ಬು ತೇಲುತ್ತದೆ, ಹಿಂಡಿದರೆ ನಾರು ಕೈಗೆ ಸಿಗುತ್ತದೆ. ಸೋಯಾ ತಿಂದರೆ ಏನೂ ಕೆಡುಕಿಲ್ಲ, ನಮ್ಮ ಮನೆಯಲ್ಲೂ ಮಾಡುತ್ತಾರೆ. ಆದರೆ ಸೋಯಾ ಎಂದು ಹೇಳಿ ಕೊಡಬೇಕು. ಮಟನ್ ಎಂದು ಬರೆದು ಸೋಯಾ ತಿನ್ನಿಸುವುದಕ್ಕೆ ನಮ್ಮ ಊರಿನಲ್ಲಿ ಬೇರೆ ಶಬ್ದ ಉಂಟು.

ನಮ್ಮಲ್ಲಿ ಮಾತ್ರ ಹೀಗೆ ಎಂದು ತಿಳಿಯಬೇಡಿ. 2013ರ ಜನವರಿಯಲ್ಲಿ ಐರ್ಲೆಂಡಿನ ಆಹಾರ ಸುರಕ್ಷಾ ಇಲಾಖೆಯವರು ದೊಡ್ಡ ಅಂಗಡಿಗಳಲ್ಲಿ ಮಾರುತ್ತಿದ್ದ ದನದ ಮಾಂಸದ ಬರ್ಗರ್ ಪರೀಕ್ಷೆ ಮಾಡಿದಾಗ ಕುದುರೆ ಮಾಂಸ ಪತ್ತೆಯಾಯಿತು. ಮುಂದಿನ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಫ್ರೀಜ್ ಮಾಡಿ ಮಾರುವ ಲಸಾನ್ಯ ಎಂಬ ಪದರು ಪದರಿನ ಮಾಂಸದ ತಿಂಡಿಯಲ್ಲೂ ಅದೇ ಸಿಕ್ಕಿತು, ಕೆಲವದರಲ್ಲಿ ಪೂರಾ ಕುದುರೆಯೇ! ಯೂರೋಪಿನ ದೇಶದೇಶಗಳಲ್ಲಿ ಗಲಾಟೆಯಾಗಿ ಲಕ್ಷಗಟ್ಟಲೆ ಪ್ಯಾಕೆಟುಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅಂಗಡಿಯವರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಮಾಂಸ ನಾಲ್ಕಾರು ಕೈ ದಾಟಿ ಬಂದಿತ್ತು. ಇಡೀ ತೊಡೆಯಾದರೆ ಕುದುರೆಯೋ ದನವೋ ಎಂದು ಕಸಾಯಿಯವನಾದರೂ ಹೇಳಿಯಾನು. ಕೊಚ್ಚಿ, ಮಸಾಲೆ ಹಾಕಿ, ಮೇಲೆ ಮುಚ್ಚಿದ ಮೇಲೆ ಹೇಳುವವರು ಯಾರು?

ಮಹಾರಾಷ್ಟ್ರದಲ್ಲಂತೂ 2015ರಿಂದ ಎತ್ತು ಹೋರಿ ಸೇರಿ ಗೋವಂಶದ ಮಾಂಸಕ್ಕೆ ಕಾನೂನಿನ ನಿಷೇಧ ಉಂಟು. ಯಾರೋ ಮಾಡಿದ ಖೀಮಾವನ್ನು ನಾವು ನಮ್ಮ ಹೆಸರಿನಲ್ಲಿ ಬಡಿಸಿ ನಾಳೆ ಏನಾದರೂ ತಕರಾರು ಬಂದರೆ ಪೊಲೀಸ್ ಚೌಕಿಗೆ ಹೋಗುವುದು ಸಪ್ಲೈ ಮಾಡಿದವನಲ್ಲ, ಬೋರ್ಡಿನಲ್ಲಿ ಹೆಸರಿದ್ದವನು. ಲೈಸೆನ್ಸಿನ ಮಟನ್ ಅಂಗಡಿಯಿಂದ ತಂದು, ಬಿಲ್ಲು ಪಡೆದು, ಫೈಲಿನಲ್ಲಿ ಹಾಕಿಡುವುದನ್ನು ದಯವಿಟ್ಟು ಅಭ್ಯಾಸ ಮಾಡಿಕೊಳ್ಳಿ.

ಎಲ್ಲಿಂದ ಎಲ್ಲಿಗೆ

ಇದು ಇಂಗ್ಲಿಷರ ತಿಂಡಿ, ನಮಗೇನು ಸಂಬಂಧ ಎಂದು ಕೇಳುವವರಿಗೆ ಎರಡು ಮಾತು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ರಾಜ ಮೂರನೆಯ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ (ಕಲ್ಯಾಣ ಎಂದರೆ ನಮ್ಮ ಡೊಂಬಿವಲಿಯ ಪಕ್ಕದ ಸ್ಟೇಷನ್ ಅಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ) ಕೊಚ್ಚಿದ ಮಾಂಸಕ್ಕೆ ಮಸಾಲೆ ಸೇರಿಸುವ ಅಡುಗೆಗಳೂ ಕರುಳಿನೊಳಗೆ ತುಂಬಿಸಿ ಕೆಂಡದಲ್ಲಿ ಸುಡುವ ಅಡುಗೆಯೂ ಬರುತ್ತದೆ. 14ನೆಯ ಶತಮಾನದಲ್ಲಿ ಮೊರಾಕ್ಕೋ ದೇಶದಿಂದ ಬಂದ ಪ್ರವಾಸಿ ಇಬ್ನ್ ಬತೂತ ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನ ಕಾಲದ ಊಟದಲ್ಲಿ ಕೊಚ್ಚಿದ ಮಾಂಸ, ಬಾದಾಮಿ, ಪಿಸ್ತಾ, ಈರುಳ್ಳಿ, ಮಸಾಲೆಗಳನ್ನು ತೆಳು ಹಿಟ್ಟಿನೊಳಗೆ ಇಟ್ಟು ತುಪ್ಪದಲ್ಲಿ ಕರಿದ ಸಮೋಸಾ ಇತ್ತೆಂದು ಬರೆದಿದ್ದಾನೆ. ಆತ ಮುಂದೆ ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರಿಗೂ ಬಂದವನು. ಆಲೂ ತುಂಬಿಸುವುದು ಶುರುವಾದದ್ದು ಎಷ್ಟೋ ಕಾಲದ ಮೇಲೆ. ಆಲೂಗಡ್ಡೆಯನ್ನು ಈ ದೇಶಕ್ಕೆ ತಂದವರೇ ಪೋರ್ಚುಗೀಸರು.

ಯೂರೋಪಿನಲ್ಲಿ ಪೈ ಹುಟ್ಟಿದ್ದು ಪಾತ್ರೆಯ ಬದಲಿಗೆ. ಹಳೆಯ ಕಾಲದಲ್ಲಿ ಅಲ್ಲಿಯ ಪೈಗಳ ಹೊರಗಿನ ಹಿಟ್ಟು ಎಷ್ಟು ಗಟ್ಟಿ ಎಂದರೆ ಬಹಳ ಸಲ ಅದನ್ನು ತಿನ್ನಲಿಕ್ಕೆ ಎಂದು ಮಾಡುತ್ತಲೇ ಇರಲಿಲ್ಲ, ಒಳಗಿನ ಮಾಂಸ ಬೇಯಲು ಮತ್ತು ಕೆಡದೆ ಇರಲು ಒಂದು ಡಬ್ಬಿ ಇದ್ದ ಹಾಗೆ. ಇಂಗ್ಲೆಂಡಿನ ಕಾರ್ನವಾಲ್ ಎಂಬಲ್ಲಿ ಗಣಿ ಕೆಲಸದವರು ಬುತ್ತಿಗೆ ಒಯ್ಯುತ್ತಿದ್ದ ಅರ್ಧಚಂದ್ರಾಕಾರದ ಪಾಸ್ಟಿ ಬಹಳ ಪ್ರಸಿದ್ಧ. 2011ರಲ್ಲಿ ಅದಕ್ಕೆ ಯೂರೋಪಿನ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿತು, ನಮ್ಮಲ್ಲಿ ಉಡುಪಿ ಮಲ್ಲಿಗೆಗೆ ಸಿಕ್ಕಿದ ಹಾಗೆ. ಅದರ ನಿಯಮ ಓದಿ ನಮಗೆ ಬಹಳ ಸಂತೋಷವಾಯಿತು. ದನದ ಮಾಂಸ, ಆಲೂ, ಒಂದು ಜಾತಿಯ ಗಡ್ಡೆ, ಈರುಳ್ಳಿ ಇಷ್ಟೇ ಇರಬೇಕು. ಒಟ್ಟು ತೂಕದಲ್ಲಿ ಮಾಂಸ ನೂರಕ್ಕೆ ಹನ್ನೆರಡೂವರೆಗಿಂತ ಕಡಿಮೆ ಇರಬಾರದು. ಅಂಚನ್ನು ಬದಿಯಲ್ಲೇ ಮಡಚಬೇಕು. ಹೆಸರು ಇಟ್ಟ ಮೇಲೆ ಒಳಗೆ ಎಷ್ಟು ಮಾಂಸ ಎಂದು ಬರೆದು ಕಟ್ಟುಪಾಡು ಮಾಡಿದ್ದಾರೆ ನೋಡಿ! ಅವರು ಹಸಿ ಮಾಂಸವನ್ನೇ ತುಂಬಿಸಿ ಭಟ್ಟಿಯಲ್ಲಿ ನಿಧಾನವಾಗಿ ಬೇಯಿಸುತ್ತಾರೆ. ನಾವು ಬೇಯಿಸಿದ್ದನ್ನೇ ತುಂಬಿಸುತ್ತೇವೆ. ಎಣ್ಣೆಯಲ್ಲಿ ಐದಾರು ನಿಮಿಷ ಕರಿಯುವ ನಮ್ಮ ಕ್ರಮಕ್ಕೆ ಹಸಿ ಮಾಂಸ ಆಗಿಬರುವುದಿಲ್ಲ, ಇದನ್ನು ಹೊಸ ಹುಡುಗರಿಗೆ ಒತ್ತಿ ಹೇಳಬೇಕು.

ಮುಂಬಯಿಗೆ ಪ್ಯಾಟಿಸ್ ಅಭ್ಯಾಸ ಮಾಡಿಸಿದ್ದು ಇರಾನಿಗಳ ಹೋಟೆಲು ಮತ್ತು ಬೇಕರಿಗಳು. ಧೋಬಿ ತಲಾವಿನ ಕಯಾನಿ 1904ರದ್ದು. ಫೋರ್ಟಿನಲ್ಲಿ ಕೆಲಸಕ್ಕಿದ್ದ ನಮ್ಮ ಊರಿನ ಹುಡುಗರಿಗೆ ತಿಂಗಳ ಸಂಬಳದ ದಿನ ಇರಾನಿಯಲ್ಲಿ ಕೂತು ಖೀಮಾ ತಿನ್ನುವುದೇ ಒಂದು ಹಬ್ಬ. ಆ ಬೇಕರಿ ಪ್ಯಾಟಿಸ್ ಖಾರಿ ಬಿಸ್ಕಿಟಿನ ಹಾಗೆ ಪದರು ಪದರಾಗಿರುತ್ತದೆ. ಅದಕ್ಕೆ ಭಟ್ಟಿ ಬೇಕು, ಹಿಟ್ಟನ್ನು ಕೊಬ್ಬು ಹಚ್ಚಿ ಮಡಚಿ ಮಡಚಿ ಲಟ್ಟಿಸುವ ಕಾರಿಗರ್ ಬೇಕು. ಸಾಮಾನ್ಯ ಹೋಟೆಲಿನ ಅಡುಗೆಮನೆಯಲ್ಲಿ ಅದು ಸಾಧ್ಯವಿಲ್ಲದ ಮಾತು. ಹಾಗಾಗಿಯೇ ನಮ್ಮವರು ತಯಾರಿ ಮಾಲಿಗೆ ಹೋಗುತ್ತಾರೆ. ಆದರೆ ಭಟ್ಟಿ ಇಲ್ಲದೆ, ಬಾಣಲೆಯಲ್ಲೇ ಆಗುವ ಮನೆಯ ಕ್ರಮ ಉಂಟಲ್ಲ, ಅದನ್ನು ನಾವು ಮರೆತಿದ್ದೇವೆ.

ಉಮ್ಮ ಕಲಿಸಿದ ಕ್ರಮ

ನಮ್ಮ ಹೋಟೆಲಿನ ಹಿಂದಿನ ಬಿಲ್ಡಿಂಗಿನಲ್ಲಿ ಉಪ್ಪಳದ ಕಡೆಯ ಒಬ್ಬರು ಹಿರಿಯ ಮುಸ್ಲಿಂ ಹೆಂಗಸು ಇದ್ದಾರೆ. ಮಗನ ಮನೆಯಲ್ಲಿದ್ದಾರೆ, ವಯಸ್ಸು ಎಪ್ಪತ್ತರ ಹತ್ತಿರ, ಕನ್ನಡ ಚೆನ್ನಾಗಿ ಬರುತ್ತದೆ. ನಾವೆಲ್ಲ ಉಮ್ಮ ಎಂದೇ ಕರೆಯುವುದು. ರಂಜಾನಿನಲ್ಲಿ ಅವರ ಮನೆಯಿಂದ ಬರುವ ಇರಚ್ಚಿ ಪತ್ತಿರಿಗಾಗಿ ನಮ್ಮ ಮಕ್ಕಳು ಕಾದು ಕೂರುತ್ತಿದ್ದರು. ಇರಚ್ಚಿ ಎಂದರೆ ಮಾಂಸ, ಪತ್ತಿರಿ ಎಂದರೆ ರೊಟ್ಟಿ. ಎರಡು ಸಣ್ಣ ಪೂರಿ ಲಟ್ಟಿಸಿ, ಒಂದರ ಮೇಲೆ ಮಾಂಸ ಹರಡಿ, ಇನ್ನೊಂದರಿಂದ ಮುಚ್ಚಿ, ಅಂಚನ್ನು ಹಗ್ಗದ ಹಾಗೆ ತಿರುವಿ ಮಡಚಿ ಕರಿಯುವುದು. ಕೆಲವು ಮನೆಗಳಲ್ಲಿ ಕರಿದದ್ದನ್ನು ಮತ್ತೆ ಏಲಕ್ಕಿ ಮತ್ತು ಚಿಟಿಕೆ ಸಕ್ಕರೆ ಹಾಕಿ ಕದಡಿದ ಮೊಟ್ಟೆಯಲ್ಲಿ ಅದ್ದಿ ತುಪ್ಪದಲ್ಲಿ ಕಾಯಿಸುತ್ತಾರೆ. ಕಣ್ಣೂರು, ತಲಶ್ಶೇರಿ ಕಡೆ ಚಟ್ಟಿ ಪತ್ತಿರಿ ಎಂದು ಇನ್ನೊಂದು ಉಂಟು. ತೆಳುವಾದ ದೋಸೆಗಳನ್ನು ಮೊಟ್ಟೆ ಹಾಲಿನಲ್ಲಿ ಅದ್ದಿ, ನಡುನಡುವೆ ಮಾಂಸ ಹಾಕಿ ಪಾತ್ರೆಯಲ್ಲಿ ಒಂದರ ಮೇಲೊಂದು ಇಟ್ಟು, ಕೆಳಗೆ ಸಣ್ಣ ಬೆಂಕಿ, ಮುಚ್ಚಳದ ಮೇಲೆ ಕೆಂಡ ಇಟ್ಟು ಬೇಯಿಸುವುದು. ಓವನ್ ಇಲ್ಲದ ಕಾಲದಲ್ಲಿ ಓವನಿನ ಕೆಲಸವನ್ನು ಮುಚ್ಚಳದ ಮೇಲಿನ ಕೆಂಡವೇ ಮಾಡುತ್ತಿತ್ತು.

ಉಮ್ಮನನ್ನು ನಾವು ಕೇಳಿಕೊಂಡೆವು, "ನಮ್ಮ ಹುಡುಗರಿಗೆ ಮೂರು ದಿನ ಬಂದು ತೋರಿಸಿಕೊಡಬೇಕು" ಎಂದು. ಮೊದಲು ಒಪ್ಪಲಿಲ್ಲ. "ಹೋಟೆಲಿನ ಅಡುಗೆ ನನಗೆ ಗೊತ್ತಿಲ್ಲ ಶೆಟ್ರೆ, ನಾನು ಮನೆಯವರಿಗೆ ಮಾಡುವವಳು" ಎಂದರು. ಮನೆಯವರಿಗೆ ಮಾಡುವ ಹಾಗೆಯೇ ಬೇಕು ಎಂದ ಮೇಲೆ ಬಂದರು. ದಿನಕ್ಕೆ ಒಬ್ಬ ವಸ್ತಾದನಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟೆವು. ಇದನ್ನು ಯಾಕೆ ಬರೆಯುತ್ತೇವೆಂದರೆ, ಮನೆಯ ಹೆಂಗಸರಿಂದ ಅಡುಗೆ ಕಲಿತು ಅದನ್ನು ಮೆನುವಿನಲ್ಲಿ ಹಾಕಿ ದುಡ್ಡು ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಕಲಿಸಿದವರಿಗೆ ಒಂದು ಸೀರೆ ಕೊಟ್ಟು ಮುಗಿಸಿದ್ದಾರೆ.

ಮೊದಲನೆಯ ದಿನವೇ ನಮ್ಮ ಹುಡುಗ ಒಲೆಯಿಂದ ಇಳಿಸಿದ ಖೀಮಾವನ್ನು ಬಿಸಿಬಿಸಿ ಇರುವಾಗಲೇ ತುಂಬಿಸಲು ಹೊರಟ. ಉಮ್ಮ ಅವನ ಕೈ ಹಿಡಿದು, "ಬಿಸಿ ಉಂಟು ಮಗಾ, ಈಗ ಬೇಡ. ಅದು ಬೆವರ್ತದೆ, ಹಿಟ್ಟು ಅಳ್ತದೆ" ಎಂದರು. ಇದಕ್ಕಿಂತ ಚೆನ್ನಾಗಿ ಯಾವ ಕೇಟರಿಂಗ್ ಕಾಲೇಜಿನವರೂ ಹೇಳಲಾರರು. ಬಿಸಿ ಹೂರಣದ ಹಬೆ ಹಿಟ್ಟಿನ ಒಳಮೈಯನ್ನು ಒದ್ದೆ ಮಾಡುತ್ತದೆ, ಹಿಟ್ಟಿನಲ್ಲಿರುವ ತುಪ್ಪ ಕರಗುತ್ತದೆ, ಅಂಚು ಅಂಟುವುದಿಲ್ಲ, ಎಣ್ಣೆಗೆ ಬಿಟ್ಟ ಕೂಡಲೇ ಬಾಯಿ ಬಿಡುತ್ತದೆ. ಒಂದು ಬಾಯಿ ಬಿಟ್ಟರೆ ಸಾಕು, ಖೀಮಾ ಎಣ್ಣೆಗೆ ಬಿದ್ದು ಕರಟಿ ಇಡೀ ಬಾಣಲೆಯ ಎಣ್ಣೆ ಕಪ್ಪಾಗುತ್ತದೆ.

ಅಳತೆ ಹೀಗೆ. 1 ಕಿಲೋ ಖೀಮಾಕ್ಕೆ ಕೈತೊಡೆ ಮತ್ತು ಭುಜದ ಮಾಂಸ, ಅದರಲ್ಲಿ ಸ್ವಲ್ಪ ಕೊಬ್ಬು ಇರಲೇಬೇಕು. ಬರೀ ಕೆಂಪು ಮಾಂಸ ಹಾಕಿದರೆ ಮರದ ಹುಡಿ ತಿಂದ ಹಾಗಾಗುತ್ತದೆ. ಮಶೀನಿನಲ್ಲಿ ದಪ್ಪ ತೂತಿನ ತಟ್ಟೆ ಹಾಕಿ ಒಂದೇ ಸಲ ಕೊಚ್ಚಿಸಿ, ಎರಡು ಸಲ ಕೊಚ್ಚಿಸಿದರೆ ಅಂಟಾಗುತ್ತದೆ. ಈರುಳ್ಳಿ 400 ಗ್ರಾಂ ಸಣ್ಣಗೆ ಹೆಚ್ಚಿ ಬಾಡಿಸಿ, ಶುಂಠಿ ಬೆಳ್ಳುಳ್ಳಿ ಹಸಿಮೆಣಸು ಜಜ್ಜಿ ಹಾಕಿ, ಅರಸಿನ, ಕೊತ್ತಂಬರಿ ಹುಡಿ, ಕಾಳುಮೆಣಸಿನ ಹುಡಿ, ಬಡೇಸೊಪ್ಪು, ಸ್ವಲ್ಪ ಗರಂ ಮಸಾಲೆ. ಟೊಮೆಟೊ ಬೇಡ, ನೀರು ಬಿಡುತ್ತದೆ. ಹುಳಿ ಬೇಕಾದರೆ ಕೊನೆಗೆ ಲಿಂಬೆ ಹಿಂಡಿ. ಖೀಮಾ ಹಾಕಿದ ಮೇಲೆ ದೊಡ್ಡ ಉರಿಯಲ್ಲಿ ಗಂಟು ಒಡೆಯುತ್ತ ಹುರಿದು, ನೀರು ಬಿಟ್ಟ ಮೇಲೆ ಮುಚ್ಚಿ ಬೇಯಿಸಿ, ಕೊನೆಗೆ ಮುಚ್ಚಳ ತೆಗೆದು ಪಾತ್ರೆಯ ತಳ ಕಾಣುವ ತನಕ ಇಂಗಿಸಬೇಕು. ಸೌಟಿನಿಂದ ಬದಿಗೆ ಸರಿಸಿದಾಗ ನೀರು ಹರಿಯಬಾರದು, ಬರೀ ಎಣ್ಣೆಯ ಹೊಳಪು ಕಾಣಬೇಕು. ಕಾಳುಮೆಣಸು, ಗರಂ ಮಸಾಲೆ ಸಾಮಾನನ್ನು ನಾವು ವಾಶಿಯ ಎಪಿಎಂಸಿ ಮಸಾಲಾ ಮಾರ್ಕೆಟಿನಿಂದ ಇಡಿಯಾಗಿ ತಂದು ಹುರಿದು ಹುಡಿ ಮಾಡುತ್ತೇವೆ. ನೆರೂಳದಲ್ಲಿದ್ದವರಿಗೆ ಇದೊಂದು ಭಾಗ್ಯ, ಏಳೆಂಟು ಕಿಲೋಮೀಟರಿನಲ್ಲಿ ಅಷ್ಟು ದೊಡ್ಡ ಮಾರ್ಕೆಟು.

ಹಿಟ್ಟಿಗೆ 600 ಗ್ರಾಂ ಮೈದಾ, ಎರಡು ಚಮಚ ಸಣ್ಣ ರವೆ, ಉಪ್ಪು, 60 ಗ್ರಾಂ ಬಿಸಿ ತುಪ್ಪ. ತುಪ್ಪವನ್ನು ಹಿಟ್ಟಿಗೆ ಉಜ್ಜಿ, ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು. ತುಪ್ಪ ಹೆಚ್ಚಾದರೆ ಕರಿಯುವಾಗ ಒಡೆಯುತ್ತದೆ, ಕಡಿಮೆಯಾದರೆ ತಣ್ಣಗಾದ ಮೇಲೆ ಚಪ್ಪಲಿಯ ಹಾಗೆ. ತಣ್ಣೀರು ಹಾಕಿ ಪೂರಿ ಹಿಟ್ಟಿಗಿಂತ ಸ್ವಲ್ಪ ಮೆದುವಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಪಾರ್ಟಿ ಆರ್ಡರಿಗೆ ಎರಡು ಪೂರಿಯ ಗುಂಡನೆಯ ಪತ್ತಿರಿ ಮಾಡುತ್ತ ಕೂತರೆ ಹೊತ್ತು ಸಾಲುವುದಿಲ್ಲವೆಂದು ನಾವು ಒಂದೇ ಪೂರಿಯನ್ನು ಮಡಚಿ ಕರಂಜಿಯ ಆಕಾರ ಮಾಡಿದೆವು. ಉಮ್ಮನಿಗೆ ಇದು ಅಷ್ಟು ಹಿಡಿಸಲಿಲ್ಲ. ಆದ್ದರಿಂದ ಇಫ್ತಾರ್ ಆರ್ಡರ್ ಬಂದರೆ ಗುಂಡನೆಯದ್ದೇ ಮಾಡುತ್ತೇವೆ. ಚೌತಿಗೆ, ದೀಪಾವಳಿಗೆ ಮನೆಯಲ್ಲಿ ಕರಂಜಿ ಮಾಡಿ ಗೊತ್ತಿರುವ ಹೆಂಗಸರಿಗೆ ಇದರ ಅಂಚು ಮಡಚುವುದನ್ನು ಕಲಿಸಬೇಕಾಗಿಯೇ ಇಲ್ಲ. ನಮ್ಮ ಅತ್ತಿಗೆ ಮೊದಲ ದಿನವೇ ಗಂಟೆಗೆ 80 ಮಡಚಿದರು, ನಮ್ಮ ವಸ್ತಾದ್ 40ರಲ್ಲಿ ನಿಂತರು.

ಎಣ್ಣೆ ಹದವಾಗಿ ಕಾಯಬೇಕು, 160ರಿಂದ 170 ಡಿಗ್ರಿ ಸಾಕು. ಥರ್ಮಾಮೀಟರ್ ಇಲ್ಲದವರು ಹಿಟ್ಟಿನ ಸಣ್ಣ ಚೂರು ಬಿಟ್ಟು ನೋಡಿ, ನಿಧಾನವಾಗಿ ಮೇಲೆ ಬರಬೇಕು. ಹೆಚ್ಚು ಕಾದರೆ ಮೈಮೇಲೆ ಗುಳ್ಳೆ ಎದ್ದು ಹೊರಗೆ ಕೆಂಪು, ಒಳಗೆ ಹಸಿ ಹಿಟ್ಟು. ಎಣ್ಣೆಯ ವಿಷಯದಲ್ಲೂ ಈಗ ಕಾನೂನು ಬಿಗಿ. ಹಲವು ಸಲ ಕಾಯಿಸಿದ ಎಣ್ಣೆಗೆ 2018ರ ಜುಲೈಯಿಂದ ಮಿತಿ ಹಾಕಿದ್ದಾರೆ, ಅದರಲ್ಲಿ ಹುಟ್ಟುವ ಕೆಟ್ಟ ಅಂಶ ನೂರಕ್ಕೆ 25 ದಾಟಿದರೆ ಚೆಲ್ಲಲೇಬೇಕು. ವನಸ್ಪತಿ, ಮಾರ್ಗರಿನ್‌ಗಳಲ್ಲಿರುವ ಟ್ರಾನ್ಸ್ ಕೊಬ್ಬಿಗೂ 2022ರ ಜನವರಿಯಿಂದ ನೂರಕ್ಕೆ 2ರ ಮಿತಿ. ತುಪ್ಪ ದುಬಾರಿ ಎನ್ನುವವರು ಒಳ್ಳೆಯ ಎಣ್ಣೆಯನ್ನೇ ಬಿಸಿ ಮಾಡಿ ಹಾಕಲಿ, ಡಾಲ್ಡಾಕ್ಕೆ ಹೋಗುವುದು ಬೇಡ.

ಕೋಳಿಯಲ್ಲೂ ಇದನ್ನೇ ಮಾಡಬಹುದು, ಖರ್ಚು ಬಹಳ ಕಡಿಮೆ. ಆದರೆ ಎದೆಯ ಮಾಂಸ ಒಣಗುತ್ತದೆ, ತೊಡೆಯದ್ದು ಹಾಕಿ. ಗಿರಾಕಿಯ ಬಜೆಟ್ ಕಡಿಮೆ ಇದ್ದರೆ ಖೀಮಾಕ್ಕೆ ಬೇಯಿಸಿದ ಆಲೂ, ಬಟಾಣಿ ಸೇರಿಸಿ, ಅದನ್ನು 'ಖೀಮಾ ಆಲೂ ಪ್ಯಾಟಿಸ್' ಎಂದೇ ಬರೆದು 35ಕ್ಕೆ ಕೊಡಿ. ರುಚಿಯೂ ಚೆನ್ನಾಗಿರುತ್ತದೆ, ಕೊಟ್ಟ ಮಾತೂ ಸರಿ ಇರುತ್ತದೆ. ಆ ಸೊಸೈಟಿಯ ಕಾರ್ಯದರ್ಶಿಯವರು ಕಳೆದ ಎಪ್ರಿಲ್‌ನಲ್ಲಿ ಮಗಳ ಹುಟ್ಟುಹಬ್ಬಕ್ಕೆ ಬಂದು ತೆಗೆದುಕೊಂಡು ಹೋದದ್ದು ಇದನ್ನೇ. ಡಿಸೆಂಬರಿನ ಪಾರ್ಟಿಯ ಬಗ್ಗೆ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೆಡದ ಹಾಗೆ, ಬೆರೆಯದ ಹಾಗೆ

ಖೀಮಾ ಬೇರೆ ಮಾಂಸಕ್ಕಿಂತ ಬೇಗ ಕೆಡುತ್ತದೆ. ತುಂಡು ಮಾಂಸದಲ್ಲಿ ಕ್ರಿಮಿಗಳು ಮೇಲ್ಮೈಯಲ್ಲಿರುತ್ತವೆ, ಕೊಚ್ಚಿದಾಗ ಆ ಮೇಲ್ಮೈ ಎಲ್ಲ ಒಳಗೆ ಸೇರಿಬಿಡುತ್ತದೆ. ಹಾಗಾಗಿ ಕೊಚ್ಚಿಸಿದ ದಿನವೇ ಬೇಯಿಸಬೇಕು. ಬೇಯಿಸಿದ್ದನ್ನು ದೊಡ್ಡ ತೋಪಿನಲ್ಲೇ ಬಿಟ್ಟರೆ ಮಧ್ಯಭಾಗ ಮೂರು ನಾಲ್ಕು ಗಂಟೆ ಉಗುರು ಬೆಚ್ಚಗೇ ಇರುತ್ತದೆ, ಕೆಡುವುದಕ್ಕೆ ಅಷ್ಟೇ ಸಾಕು. ಅಗಲವಾದ ಪರಾತದಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ ಫ್ಯಾನಿನ ಕೆಳಗೆ ಆರಿಸಿ, ಕೂಡಲೇ ಫ್ರಿಜ್ಜಿಗೆ. ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ, ಬಿಸಿ ಇಡುವುದಾದರೆ 60ಕ್ಕಿಂತ ಮೇಲೆ. ನಡುವಿನಲ್ಲಿ ಇಡುವುದು ಬೇಡ. ಟೆಂಪೋದಲ್ಲಿ ಪಾಮ್ ಬೀಚ್ ರಸ್ತೆಯ ಟ್ರಾಫಿಕ್ಕಿನಲ್ಲಿ ಕರಿದ ಪ್ಯಾಟಿಸ್ ಮುಚ್ಚಿದ ಡಬ್ಬಿಯಲ್ಲಿ ಬೆವರಿ ಮೆತ್ತಗಾಗುತ್ತದೆ. ನಾವು ಮಡಚಿದ್ದನ್ನು ಐಸ್ ಬಾಕ್ಸಿನಲ್ಲಿ ಒಯ್ದು ಹಾಲ್‌ನಲ್ಲೇ ಕರಿಯುತ್ತೇವೆ. ಮೇ ತಿಂಗಳ ಸೆಕೆಯಲ್ಲಿ ಬೇರೆ ಉಪಾಯವಿಲ್ಲ.

ಇನ್ನೊಂದು ಗಂಭೀರ ವಿಷಯ. ಎರಡು ವರ್ಷದ ಹಿಂದೆ ನವಿಮುಂಬಯಿಯ ಒಂದು ಹಾಲ್‌ನಲ್ಲಿ ನಡೆದ ರಿಸೆಪ್ಶನ್ನಿಗೆ ನಾವು ಅತಿಥಿಗಳಾಗಿ ಹೋಗಿದ್ದೆವು. ಹುಡುಗಿಯ ಕಡೆಯವರು ಶುದ್ಧ ಸಸ್ಯಾಹಾರಿಗಳು. ವೆಜ್ ಪ್ಯಾಟಿಸ್, ಖೀಮಾ ಪ್ಯಾಟಿಸ್ ಎರಡೂ ಒಂದೇ ಬೇಕರಿಯಿಂದ ಬಂದು ಒಂದೇ ಆಕಾರ, ಒಂದೇ ಬಣ್ಣ. ಯಾರೋ ಹುಡುಗ ತಟ್ಟೆ ಬದಲಾಯಿಸಿದ. ಹುಡುಗಿಯ ಅಜ್ಜಿ ಒಂದು ತುತ್ತು ಕಚ್ಚಿ ಕೈಯಲ್ಲೇ ಉಗುಳಿ ಕೂತುಬಿಟ್ಟರು, ಮತ್ತೆ ಮಾತಾಡಲಿಲ್ಲ, ಊಟ ಮಾಡಲಿಲ್ಲ. ಕೇಟರರ್ ಕೈಮುಗಿದು ನಿಂತಿದ್ದರು. ಬಿಲ್ಲಿನಲ್ಲಿ ಎಷ್ಟು ಕಡಿಮೆ ಮಾಡಿದರೆ ಅದು ಸರಿಯಾಗುತ್ತದೆ ಹೇಳಿ?

ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುಪಾಡು. ಖೀಮಾದ್ದು ಯಾವಾಗಲೂ ಅರ್ಧಚಂದ್ರ ಅಥವಾ ಗುಂಡನೆ, ಅಂಚು ಕೈಯಲ್ಲಿ ತಿರುವಿದ್ದು. ತರಕಾರಿಯದ್ದು ಚೌಕ, ಅಂಚು ಶಂಕರಪೋಳಿ ಕತ್ತರಿಸುವ ಹಲ್ಲಿನ ಚಕ್ರದಿಂದ ಕತ್ತರಿಸಿದ್ದು. ಕತ್ತಲೆಯಲ್ಲಿ ಕೈಯಿಂದ ಮುಟ್ಟಿದರೂ ಗೊತ್ತಾಗಬೇಕು. ಬಾಣಲೆ ಬೇರೆ, ಎಣ್ಣೆ ಬೇರೆ, ಜಾರ ಬೇರೆ, ತಟ್ಟೆ ಬೇರೆ, ಬಡಿಸುವ ಹುಡುಗನೂ ಬೇರೆ. ಪಾರ್ಸೆಲ್ ಡಬ್ಬಿಯ ಮೇಲೆ ಗುರುತು ಹಾಕುವವರು ಗಮನಿಸಿ, ಮಾಂಸಾಹಾರಕ್ಕೆ ಮೊದಲು ಇದ್ದ ಕಂದು ಚುಕ್ಕೆ ಹೋಗಿ 2020ರ ಲೇಬಲ್ ನಿಯಮದಲ್ಲಿ ಚೌಕದೊಳಗೆ ಕಂದು ತ್ರಿಕೋನ ಬಂದಿದೆ. ಹಳೆಯ ಸ್ಟಿಕ್ಕರ್ ಉಳಿದಿದೆ ಎಂದು ಅಂಟಿಸಬೇಡಿ.

ಸಂಘದವರಲ್ಲಿ ಒಂದು ವಿನಂತಿ

ಕಾರ್ನವಾಲ್‌ನವರ ಹಾಗೆ ನಾವೂ ನಮ್ಮಷ್ಟಕ್ಕೆ ಒಂದು ನಿಯಮ ಮಾಡಿಕೊಳ್ಳಬಾರದೇಕೆ? ನಮ್ಮ ಸಂಘದ ಸದಸ್ಯರು 'ಮಟನ್ ಖೀಮಾ ಪ್ಯಾಟಿಸ್' ಎಂದು ಬರೆದು ಕೊಡುವುದಾದರೆ ಹೂರಣದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಮಟನ್ ಇರಬೇಕು, ಬೇರೆ ಏನು ಸೇರಿಸಿದರೂ ಹೆಸರಿನಲ್ಲಿ ಹೇಳಬೇಕು ಎಂದು. ಸರಕಾರ ಕೇಳಿದ್ದಲ್ಲ, ನಾವಾಗಿ ಹಾಕಿಕೊಳ್ಳುವುದು. ಕೊಟೇಶನ್ನಿನ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿದರೆ ಗಿರಾಕಿಗೆ 60 ಯಾಕೆ, 35 ಯಾಕೆ ಎಂದು ತಾನಾಗಿ ತಿಳಿಯುತ್ತದೆ. ಇದಕ್ಕೆ ವಿರೋಧ ಬರಬಹುದು. ರೇಟಿನಲ್ಲಿ ಪೈಪೋಟಿ ಮಾಡಿ ಬದುಕುವ ಸಣ್ಣ ಕೇಟರರ್ ಏನು ಮಾಡಬೇಕು ಎಂದು ನಮ್ಮ ಅಣ್ಣನೇ ಕೇಳಿದರು. ಅವರ ಮಾತಿನಲ್ಲೂ ಅರ್ಥ ಉಂಟು. 100 ಪ್ಯಾಟಿಸ್‌ಗಾಗಿ ಮೂರು ಜನರನ್ನು ಇಟ್ಟುಕೊಳ್ಳಲು ಒಬ್ಬನಿಂದ ಆಗುವುದಿಲ್ಲ.

ಅದಕ್ಕೆ ನಮಗೆ ತೋಚಿದ್ದು ಇಷ್ಟು. ಜುಯಿನಗರ, ನೆರೂಳ, ಸೀವುಡ್ಸ್ ಈ ಮೂರು ಸ್ಟೇಷನ್ನಿನ ಐದಾರು ಸದಸ್ಯರು ಸೇರಿ ಒಂದು ಅಡುಗೆಮನೆಯಲ್ಲಿ ವಾರಕ್ಕೆ ಎರಡು ದಿನ ಒಟ್ಟಿಗೆ ಮಾಡಿಸುವುದು. ಮಾಂಸ ಯಾರೂ ನೋಡದೆ ಬರುವುದಲ್ಲ, ಐವರಲ್ಲಿ ಒಬ್ಬ ಮಾಲೀಕ ಸರದಿಯ ಮೇಲೆ ಎದುರಿಗೆ ನಿಂತು ಕೊಚ್ಚಿಸುವುದು. ಮಡಚುವ ಕೆಲಸಕ್ಕೆ ಮಧ್ಯಾಹ್ನ ಬಿಡುವಿರುವ ನಮ್ಮ ಆಸುಪಾಸಿನ ಹೆಂಗಸರನ್ನು ಕರೆದು ಪ್ಯಾಟಿಸ್ ಲೆಕ್ಕದಲ್ಲಿ ಕೂಲಿ ಕೊಡುವುದು. ಒಂದಕ್ಕೆ 3 ರೂಪಾಯಿ ಕೊಟ್ಟರೂ ಅತ್ತಿಗೆಯಂಥವರಿಗೆ ಗಂಟೆಗೆ 240 ಆಗುತ್ತದೆ. ನೆರೂಳ ಗಾಂವಿನ ಆಗ್ರಿ ಬಾಂಧವರ ಹಳದಿ ಕಾರ್ಯಕ್ರಮ, ಆಷಾಢದ ಕೊನೆಯ ಗಟಾರಿ, ಡಿಸೆಂಬರಿನ ಕ್ರಿಸ್ಮಸ್, ರಂಜಾನ್ ಎಂದು ಲೆಕ್ಕ ಹಾಕಿದರೆ ಮಾಂಸದ ಆರ್ಡರಿಗೆ ಕೊರತೆ ಏನಿಲ್ಲ.

ಕಲಿಸುವುದಕ್ಕೆ ಶ್ರಾವಣ ಮಾಸ ಒಳ್ಳೆಯದು. ಮಾಂಸದ ವ್ಯಾಪಾರ ಅರ್ಧಕ್ಕೆ ಇಳಿದು ನಮ್ಮ ಹುಡುಗರು ಕೈಕಟ್ಟಿ ಕೂರುವ ತಿಂಗಳು ಅದು. ಹಿಟ್ಟು ಕಲಸುವುದು, ಲಟ್ಟಿಸುವುದು, ಅಂಚು ತಿರುವುವುದು ಇವಕ್ಕೆ ಖೀಮಾವೇ ಬೇಕೆಂದಿಲ್ಲ, ಆಲೂ ತುಂಬಿಸಿ ಕಲಿಯಬಹುದು, ಕಲಿತದ್ದನ್ನು ಸಂಜೆ ಚಹಾದೊಂದಿಗೆ ಮಾರಲೂಬಹುದು. ಉಮ್ಮ ಬರಲು ಒಪ್ಪಿದ್ದಾರೆ. ನಮ್ಮ ಅಡುಗೆಮನೆ ಶ್ರಾವಣದ ಸೋಮವಾರಗಳಂದು ಮಧ್ಯಾಹ್ನ 3ರಿಂದ 5ರ ತನಕ ಖಾಲಿ ಇರುತ್ತದೆ. ಒಬ್ಬ ಸದಸ್ಯರು ಇಬ್ಬರು ಹುಡುಗರನ್ನು ಕಳಿಸಬಹುದು, ಮೈದಾ ಆಲೂ ನಮ್ಮದು, ಲಟ್ಟಣಿಗೆ ಅವರವರೇ ತರಬೇಕು.